ಕೆಂಪು ಇರುವೆ ಯಾರವು

ಕಮಲಾಪುರದ ಹೈಸ್ಕೂಲಿನಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ, ನನ್ನ ಗೆಳತಿ ಗಣಿತ. ನಮ್ಮದು ಲಿಂಗ ಕಟ್ಟುವ ಮನೆ, ಕಲಬುರಗಿಯ ಸೂಪರ್ ಮಾರ್ಕೆಟ್ ಹಿಂದೆ. ಅವಳದು ಅದೇ ಊರಿನ ಮೋಮಿನಪುರದ ಮುಸ್ಲಿಂ ಮನೆ. ಏಳು ವರ್ಷದಿಂದ ಕಮಲಾಪುರದ ಬಸ್ಸಿನಲ್ಲಿ ಅಕ್ಕಪಕ್ಕ ಕೂತೇ ಹೋಗಿಬರುತ್ತೇವೆ. ಮೊದಲು ಹತ್ತಿದವಳು ಪಕ್ಕದಲ್ಲಿ ಚೀಲ ಇಟ್ಟು ಜಾಗ ಹಿಡಿಯಬೇಕು. ಒಂದು ವಾರ ಆ ಚೀಲ ಕಾಣೆಯಾಯಿತು. ಕಾರಣ ಇರುವೆ.

ಅವತ್ತು ಕೀಟಗಳ ಪಾಠ ಮುಗಿಸಿ ಬಂದಿದ್ದೆ. ಇರುವೆಯನ್ನು ಹೇಗೆ ವಿಂಗಡಿಸುತ್ತೀರಿ ಎಂದರೆ ಮಕ್ಕಳು "ಕಡಿಯೂವು, ಕಡೀಲಾರದವು" ಅಂದರೆಂದು ಊಟದ ಹೊತ್ತಿಗೆ ಅವಳಿಗೆ ಹೇಳಿ ನಕ್ಕೆ. ಬಾಯಿ ಅಲ್ಲಿಗೇ ನಿಲ್ಲಬೇಕಿತ್ತು.

"ನಮ್ಮವ್ವ ಬ್ಯಾರೆನೇ ಹೇಳ್ತಿದ್ಲು. ಕರಿ ಇರವಿ ನಮ್ಮವ, ಕಡ್ಯಂಗಿಲ್ಲ. ಕೆಂಪು ಸಾಬರವ ಅಂತ" ಎಂದೆ.

ಅವಳು ನಗಲಿಲ್ಲ. ಡಬ್ಬಿ ಮುಚ್ಚಿ ಎದ್ದುಹೋದಳು. ಸಂಜೆ ಬಸ್ಸಿನಲ್ಲಿ ಮುಂದಿನ ಸೀಟಿನಲ್ಲಿ ಬೇರೆ ಯಾರದೋ ಪಕ್ಕ ಕೂತಿದ್ದಳು. ಮರುದಿನವೂ ಅಷ್ಟೇ.

ನನಗೆ ತಲೆಬುಡ ತಿಳಿಯಲಿಲ್ಲ. ಚಿಕ್ಕಂದಿನ ಮಾತಿಗೆ ಇಷ್ಟು ಸಿಟ್ಟೇ ಎಂದು ಅವಳ ಮೇಲೆಯೇ ರೇಗಿದೆ. ಆಮೇಲೆ ಅವ್ವನ ಮೇಲೆ. ಅವ್ವ ಕರಿ ಇರುವೆಗೆ ರವೆ ಹಾಕುತ್ತಿದ್ದಳು, ಕೆಂಪಿಗೆ ಚಿಮಣಿ ಎಣ್ಣೆ. ಯಾಕೆಂದು ಕೇಳೋಣವೆಂದರೆ ಅವಳು ಈಗಿಲ್ಲ.

ಪುಸ್ತಕ ತೆಗೆದೆ. ಇರುವೆಗಳು ಕಣಜ, ಜೇನಿನ ಬಳಗದವು. ಒಳಗಿನ ಪಂಗಡ ಗುರುತಿಸಲು ನಡುವಿನ ಗಂಟು ಒಂದೋ ಎರಡೋ ನೋಡಬೇಕು, ಕುಡಿಮೀಸೆಯ ಮಣಿಗಳನ್ನು ಎಣಿಸಬೇಕು. ಬರೀ ಬಣ್ಣದಿಂದ ಏನೂ ತೀರ್ಮಾನವಾಗುವುದಿಲ್ಲ, ಒಂದೇ ಕುಲದಲ್ಲಿ ಕರಿಯೂ ಉಂಟು ಕೆಂಪೂ ಉಂಟು. ಸಾಲುಗಟ್ಟಿ ದುಡಿಯುವವೆಲ್ಲ ಹೆಣ್ಣು. ಇದನ್ನೆಲ್ಲ ಪ್ರತಿ ವರ್ಷ ನಾನೇ ಕಲಿಸುತ್ತಿದ್ದೆನಲ್ಲ. ಓದಿದ್ದೂ ಅವ್ವ ಹೇಳಿದ್ದೂ ಒಂದೇ ತಲೆಯಲ್ಲಿ ಒಂದನ್ನೊಂದು ಮಾತಾಡಿಸದೆ ಉಳಿದಿದ್ದವು. ನಾಚಿಕೆಯಾಯಿತು.

ಭಾನುವಾರ ಮೋಮಿನಪುರಕ್ಕೆ ಹೋದೆ. ಗೆಳತಿಯ ತಾಯಿ ಹೊಸ್ತಿಲಲ್ಲಿ ಕೂತು ಸಕ್ಕರೆ ಉದುರಿಸುತ್ತಿದ್ದರು.

"ಕಾಲ್ ಸರಸು ಬೇಟಿ, ಕರಿ ಇರವಿ ಅವ. ನಮ್ಮವ, ಕಡ್ಯಂಗಿಲ್ಲ."

"ಕೆಂಪು?" ಎಂದೆ.

ಅವರು ನನ್ನ ಮುಖ ನೋಡಿದರು, ಒಳಗಿಂದ ಬಂದ ಮಗಳ ಮುಖ ನೋಡಿದರು, "ಚಾ ಇಡ್ತೀನಿ" ಎಂದು ಎದ್ದರು.

ಗೆಳತಿ ಬಾಗಿಲಿಗೆ ಒರಗಿದಳು. "ಕೆಂಪು ನಿಮ್ಮವ ಅಂತ ಅಮ್ಮಿ ಹೇಳ್ತಿದ್ಲು. ಅವತ್ತು ನೀ ಅಂದಾಗ ನನ್ನ ಬಾಯಿಗೂ ಅದೇ ಬಂದಿತ್ತು. ಆಮ್ಯಾಲ ನಿನ್ನ ಮಾರಿ ನೋಡೂದು ಆಗಲಿಲ್ಲ."

"ನಂದೂ ತಪ್ಪಾತು" ಎಂದೆ.

"ಮತ್ತ ಕೆಂಪು ಇರವಿ ಯಾರವ?"

ಚಪ್ಪಲಿ ಬಿಟ್ಟು ಒಳಗೆ ಕಾಲಿಡುತ್ತಿದ್ದಂತೆ ಹೊಸ್ತಿಲಿನ ಕರಿ ಇರುವೆಯೊಂದು ನನ್ನ ಕಾಲ್ಬೆರಳಿಗೆ ಕಚ್ಚಿತು. ನಾನು ಕುಣಿದೆ. ಅವಳು ನಕ್ಕಳು.

ಸೋಮವಾರ ಬಸ್ಸು ಹತ್ತಿದೆ. ಕಿಟಕಿಯ ಸೀಟಿನ ಮೇಲೆ ಅವಳ ಚೀಲ ಇತ್ತು. ಅದನ್ನೆತ್ತಿ ತೊಡೆಯ ಮೇಲಿಟ್ಟುಕೊಂಡು, "ಕೂಡು" ಅಂದಳು.