ಮೀನಿನ ನೋವನ್ನು ನಂಬಿದ ಶೈಲಜಾ ಮೇಡಂ

ಸುಳ್ಳಾಗಿರಲಿ ಅಂದುಕೊಂಡೇ ಆಫೀಸ್ ಗ್ರೂಪನ್ನು ಮತ್ತೆ ಮತ್ತೆ ತೆರೆದು ನೋಡಿದೆ...
ಸುಳ್ಳಲ್ಲ.
ಶೈಲಜಾ ಮೇಡಂ ಇಂದು ಬೆಳಿಗ್ಗೆ ಹೋಗಿಬಿಟ್ಟರು.


ಫ್ರೆಂಡ್ಸ್, ನಿಮ್ಮಲ್ಲಿ ಹಲವರಿಗೆ ಅವರು ಗೊತ್ತಿಲ್ಲ.
ಬೊಮ್ಮಸಂದ್ರದ ಔಷಧ ಕಂಪನಿಯೊಂದರ ಲ್ಯಾಬಿನಲ್ಲಿ ಅವರು ವಿಜ್ಞಾನಿ. ನಾನು ಅವರ ಅಸಿಸ್ಟೆಂಟ್.
ನೋವಿನ ಮಾತ್ರೆಗೆ ಬಳಸುವ ಔಷಧಗಳನ್ನು ಮೀನುಗಳ ಮೇಲೆ ಪರೀಕ್ಷಿಸುವುದು ನಮ್ಮ ಕೆಲಸ.
ಕಿರುಬೆರಳಿನಷ್ಟೂ ಉದ್ದವಿಲ್ಲದ, ಮೈಮೇಲೆ ಪಟ್ಟೆಗಳಿರುವ ಝೀಬ್ರಾ ಮೀನುಗಳು...

ಮೀನಿನ ತುಟಿಗೆ ವಿನೆಗರ್‌ನಂಥ ತೆಳು ಆಮ್ಲ ತಾಕಿಸಬೇಕು.
ಅದು ಈಜುವುದನ್ನು ಬಿಟ್ಟು ತಳಕ್ಕೆ ಹೋಗಿ ನಿಲ್ಲುತ್ತದೆ.
ಆಮೇಲೆ ಕೊಟ್ಟ ಔಷಧ ಕೆಲಸ ಮಾಡಿದರೆ ಮತ್ತೆ ಈಜುತ್ತದೆ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು, "ಇದು ಆರಾಮಾಗಿ ರೆಸ್ಟ್ ತಗೋತಿದೆ ಮೇಡಂ" ಅಂದಿದ್ದೆ.
"ಕಿವಿರು ನೋಡೋ ಮಂಜು, ಎಷ್ಟು ಜೋರಾಗಿ ಬಡ್ಕೋತಿದೆ! ಸುಮ್ನಿದೆ ಅಂದ್ರೆ ಆರಾಮಾಗಿದೆ ಅಂತಲ್ಲ ಕಣೋ."

ಅವರ ಊಟದ ಡಬ್ಬಿಯಲ್ಲಿ ಮೀನು ಸಾರಿದ್ದ ದಿನ ಎಲ್ಲರೂ ಕಾಲೆಳೆಯುತ್ತಿದ್ದರು.
"ಏನ್ ಮೇಡಂ, ಲ್ಯಾಬಲ್ಲಿ ಮರುಗ್ತೀರಾ, ಇಲ್ಲಿ ತಿಂತೀರಾ?"
"ತಿನ್ನೋದು ಸರಿಯೋ ತಪ್ಪೋ ನಂಗೂ ಗೊತ್ತಿಲ್ಲ ಕಣ್ರೀ... ಆದ್ರೆ ನೋವು ಕೊಟ್ಟು, ನೋವೇ ಆಗಿಲ್ಲ ಅನ್ನೋಕೆ ನನ್ನಿಂದ ಆಗಲ್ಲ."

ಮೇಡಂ...
ಇನ್ನು ಮುಂದಿನದನ್ನು ನಿಮಗೇ ಹೇಳಬೇಕು ಅನ್ನಿಸುತ್ತಿದೆ.

ಒಮ್ಮೆ ಮ್ಯಾನೇಜರ್ ಕರೆದ ಮೀಟಿಂಗಿನಲ್ಲಿ ನಿಮ್ಮ ಪಕ್ಕದಲ್ಲೇ ಕೂತಿದ್ದೆ.
ಒಂದು ಔಷಧದ ಪರೀಕ್ಷೆ ಮುಗಿದಿತ್ತು, ಫಲಿತಾಂಶ ಸ್ಪಷ್ಟವಾಗಿತ್ತು.
ಆದರೂ ಕ್ಲೈಂಟ್‌ಗೆ ತೋರಿಸಲು, ಆಮ್ಲ ಜಾಸ್ತಿ ಮಾಡಿ ಇನ್ನೊಂದು ಬ್ಯಾಚ್ ಮೀನು ತೆಗೆದುಕೊಳ್ಳಿ ಅಂದರು ಮ್ಯಾನೇಜರ್.
"ಮೀನಿಗೆಲ್ಲ ನೋವು ಗೊತ್ತಾಗಲ್ಲ ಮೇಡಂ, ಸುಮ್ನೆ ಮಾಡಿ."
ನೀವು ಹೇಳಿದಿರಿ...
"ಗೊತ್ತಾಗಲ್ಲ ಅಂದ್ರೆ ನೋವಿನ ಔಷಧಿಗೆ ಮೀನು ಯಾಕೆ ಸಾರ್? ಗೊತ್ತಾಗತ್ತೆ ಅಂದ್ರೆ, ಉತ್ತರ ಸಿಕ್ಕ ಮೇಲೂ ಅದಕ್ಕೆ ಯಾಕೆ ನೋವು ಕೊಡ್ಬೇಕು?"

ಆ ಬ್ಯಾಚ್ ನಿಂತಿತು.
ಆ ವರ್ಷ ನಿಮಗೆ ಬರಬೇಕಿದ್ದ ಪ್ರಮೋಷನ್ನೂ ನಿಂತಿತು.


ಆಮೇಲೆ ಕ್ಯಾನ್ಸರ್... ಮೂಳೆಗೂ ಹರಡಿತು.
ಹೋದ ತಿಂಗಳು ನಾನು ನಿಮ್ಮನ್ನು ನೋಡಲು ಆಸ್ಪತ್ರೆಗೆ ಬಂದಾಗ ನಿಮ್ಮ ಯಜಮಾನರು ಔಷಧಿ ತರಲು ಕೆಳಗೆ ಹೋಗಿದ್ದರು.
"ಆರಾಮಾಗಿ ಮಲಗಿದ್ದಾರೆ ಸಾರ್, ಡಿಸ್ಟರ್ಬ್ ಮಾಡ್ಬೇಡಿ" ಅಂದರು ನರ್ಸ್.
ಕಣ್ಣು ಮುಚ್ಚಿದ್ದಿರಿ. ಅಲ್ಲಾಡುತ್ತಿರಲಿಲ್ಲ.
ಆದರೆ ಉಸಿರು ಚಿಕ್ಕಚಿಕ್ಕದಾಗಿ, ಬೇಗಬೇಗ ಬರುತ್ತಿತ್ತು... ಬೆರಳುಗಳು ಹೊದಿಕೆಯನ್ನು ಬಿಗಿಯಾಗಿ ಹಿಡಿದಿದ್ದವು.
"ಸಿಸ್ಟರ್, ಅವರು ಮಲಗಿಲ್ಲ. ತುಂಬಾ ನೋವಾಗ್ತಿದೆ ಅವರಿಗೆ. ಡಾಕ್ಟರನ್ನ ಕರೀರಿ, ಪ್ಲೀಸ್."
ಡಾಕ್ಟರ್ ಬಂದರು, ಇಂಜೆಕ್ಷನ್ ಕೊಟ್ಟರು.
ಸ್ವಲ್ಪ ಹೊತ್ತಿಗೆ ಹೊದಿಕೆ ಹಿಡಿದ ಬೆರಳು ಸಡಿಲವಾಯಿತು. ಕಣ್ಣು ತೆರೆದಿರಿ.
"ಹೇಗೋ ಗೊತ್ತಾಯ್ತು ನಿಂಗೆ?"
"ನೀವೇ ಕಲ್ಸಿದ್ದಲ್ವಾ ಮೇಡಂ..."
ನಕ್ಕಿರಿ. ಆಮೇಲೆ ಮೆಲ್ಲಗೆ ಅಂದಿರಿ...
"ನಂಗೆ ಬಾಯಿದೆ ಮಂಜು. ಆದ್ರೂ ಹೇಳೋಕಾಗ್ಲಿಲ್ಲ ನೋಡು."

ಆ ಮಾತು ಇನ್ನೂ ನನ್ನನ್ನು ಬಿಟ್ಟಿಲ್ಲ.
ಆವತ್ತಿನಿಂದ ಪ್ರತಿದಿನವೂ ಡಾಕ್ಟರ್ ನೋವಿನ ಬಗ್ಗೆ ನಿಮ್ಮನ್ನು ಕೇಳಿಯೇ ಮುಂದೆ ಹೋಗುತ್ತಿದ್ದರಂತೆ.

ಈಗಷ್ಟೇ ನಿಮ್ಮ ಯಜಮಾನರ ಜೊತೆ ಮಾತಾಡಿದೆ.
"ನಿದ್ದೆಯಲ್ಲೇ ಹೋದಳು ಮಂಜು" ಅಂದರು.
ಕೇಳಬಾರದಿತ್ತೇನೋ... ಕೇಳಿಬಿಟ್ಟೆ.
"ನಿಜವಾಗ್ಲೂ ನಿದ್ದೇನೇನಾ ಸಾರ್?"
ಅವರಿಗೆ ಅರ್ಥವಾಯಿತು.
"ಹೂಂ ಕಣಪ್ಪ. ಕೈ ನನ್ನ ಕೈಯಲ್ಲೇ ಇತ್ತು. ಮಗು ಕೈ ಥರ ಮೆತ್ತಗಿತ್ತು."

ಅಷ್ಟು ಸಾಕು ಮೇಡಂ...
ಹೋಗಿ ಬನ್ನಿ. ನಿಮ್ಮ ಜೀವ ತಣ್ಣಗಿರಲಿ. 🙏