ಟೀಚರ್ ತಂದ ರಕ್ತದ ಹನಿ

ಔರಾದದ ನಮ್ಮ ಶಾಲೆಯ ವಿಜ್ಞಾನ ಟೀಚರ್ ಏನು ತೋರಿಸಿದರೂ ಸೆರಗು ಸೊಂಟಕ್ಕೆ ಸಿಕ್ಕಿಸಿ, "ಕಣ್ಣಿಟ್ಟು ನೋಡ್ರಿ" ಅನ್ನುತ್ತಿದ್ದರು. ಒಮ್ಮೆ ಅವರಿಗೇ ಮಲೇರಿಯಾ ಬಂತು. ಚೇತರಿಸಿಕೊಂಡು ಬಂದಾಗ ಮುಖ ಬಿಳಿಚಿತ್ತು. ಕೈಯಲ್ಲಿ ಮಾತ್ರ ದವಾಖಾನೆಯಿಂದ ಕೇಳಿ ತಂದ ತಮ್ಮದೇ ರಕ್ತದ ಸ್ಲೈಡ್ ಇತ್ತು.

ಸೂಕ್ಷ್ಮದರ್ಶಕದಲ್ಲಿ ನಾನೇ ಮೊದಲು ನೋಡಿದೆ. ಕೆಂಪು ಕಣಗಳೊಳಗೆ ಸಣ್ಣ ಉಂಗುರಗಳು ಕಂಡವು.

"ಅವೇ ಮಲೇರಿಯಾದ ರೋಗಾಣು. ಒಳಗ ಬೆಳದು ಕಣಾನ ಒಡೀತಾವ, ಅದಕ್ಕ ನಾ ಹಿಂಗ ಸೊರಗೀನಿ. ಈಗ ಬಾಜೂದ ಬಿಳಿ ಕಣ ನೋಡು."

"ಅದರಾಗ ಕರಿ ಚುಕ್ಕಿ ಅದಾವ್ರಿ, ಟೀಚರ್."

"ರೋಗಾಣು ಬಿಟ್ಟ ಕಸ ಅದು. ನನ್ನ ಬಿಳಿ ಕಣ ಅದನ್ನ ನುಂಗ್ಯದ!" ಮಗಳ ಬಹುಮಾನ ತೋರಿಸುವ ತಾಯಿಯ ಹೆಮ್ಮೆ ಆ ದನಿಯಲ್ಲಿತ್ತು.

ಹೆಡ್‌ಮಾಸ್ತರು ಕುರ್ಚಿ ತಂದಿಟ್ಟರು. ತರಗತಿಯ ಕೊನೆಯ ಹುಡುಗಿ ನೋಡಿ ಮುಗಿಸುವ ತನಕ ಟೀಚರ್ ಕೂಡಲಿಲ್ಲ.