ಮೂರು ಮಂದಿಯ ಅಡ್ಡಹೆಸರು

ನಮ್ಮ ಬೀಗರ ಅಡ್ಡಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಬಿಂಕಕ್ಕಲ್ಲ. ಬೇರೆಯವರದನ್ನು ಬರೆದರೆ ಅದು ಬರೀ ಹೆಸರು, ಇವರದನ್ನು ಬರೆದರೆ ಮನೆಯ ಬಾಗಿಲನ್ನೇ ತೋರಿಸಿದ ಹಾಗೆ. ಬೀಗರು ಜರ್ಮನಿಯವರು. ಅವರಿಗೆ ಗೊತ್ತಿರುವ ಮಟ್ಟಿಗೆ ಇಡೀ ಲೋಕದಲ್ಲೇ ಆ ಹೆಸರಿನವರು ಮೂರೇ ಮಂದಿ ಇದ್ದರು. ಒಬ್ಬರು ಬೀಗರು. ಇನ್ನೊಬ್ಬ ಅವರ ಒಬ್ಬನೇ ಮಗ, ಅಂದರೆ ನಮ್ಮ ಅಳಿಯ. ಮೂರನೆಯವರು ವೃದ್ಧಾಶ್ರಮದಲ್ಲಿರುವ ಬೀಗರ ಸೋದರತ್ತೆ, ಮದುವೆಯಾಗದೆ ಉಳಿದವರು. ನನ್ನ ಮಗಳು ಅವನನ್ನು ಮದುವೆಯಾದ ಮೇಲೂ ತನ್ನ ಹೆಸರನ್ನೇ ಇಟ್ಟುಕೊಂಡಳು, ಆದ್ದರಿಂದ ಅವಳು ಆ ಲೆಕ್ಕಕ್ಕೆ ಬರುವುದಿಲ್ಲ.

ನಮ್ಮದು ಇದಕ್ಕೆ ತೀರ ಉಲ್ಟಾ. ನಾವು ಗದಗಿನ ಕಡೆಯವರು. ಉಳ್ಳಾಗಡ್ಡಿ, ಮೆಣಸಿನಕಾಯಿ, ಅಕ್ಕಿ, ಎಣ್ಣೆ, ಹೀಗೆ ಸಂತೆಯಲ್ಲಿ ಸಿಗುವ ಸಾಮಾನೆಲ್ಲ ನಮ್ಮ ಸೀಮೆಯಲ್ಲಿ ಯಾರೋ ಒಬ್ಬರ ಅಡ್ಡಹೆಸರು. ನನ್ನ ಗಂಡನ ಮನೆತನದ್ದೂ ಅಡಿಗೆಮನೆಯ ಡಬ್ಬಿಯಲ್ಲಿರುವಂಥದೇ ಒಂದು. ಊರಲ್ಲಿ ನಿಂತು ಆ ಹೆಸರು ಕೂಗಿದರೆ ಅರ್ಧ ಓಣಿ ಹೊರಳಿ ನೋಡುತ್ತದೆ. ನಾವೀಗ ಇರುವ ಅಬುಧಾಬಿಯ ಕನ್ನಡದವರ ಯುಗಾದಿ ಊಟದಲ್ಲೂ ಆ ಹೆಸರಿನವರು ಒಂದು ಪಂಕ್ತಿಗೆ ಸಾಕಾಗುವಷ್ಟಿದ್ದಾರೆ, ಅವರಲ್ಲಿ ಒಬ್ಬರೂ ನಮಗೆ ಸಂಬಂಧಿಕರಲ್ಲ.

ಹೋದ ಚಳಿಗಾಲದಲ್ಲಿ ಮಗಳು ಹೆರಿಗೆಗೆಂದು ದುಬೈನಿಂದ ಅಬುಧಾಬಿಯ ಖಾಲಿದಿಯಾ ಬಡಾವಣೆಯ ನಮ್ಮ ಫ್ಲ್ಯಾಟಿಗೆ ಬಂದಳು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು ಎಂದು ನಾನು ಹಟ ಹಿಡಿದಿದ್ದೆ. ನಾನು ಫಿಸಿಯೋಥೆರಪಿಸ್ಟ್, ರಜೆ ಹಾಕಿ ಮನೆಯಲ್ಲಿ ಕೂತೆ. ಅಳಿಯ ವಾರದ ಕೊನೆಗೆ ಬಂದು ಹೋಗುತ್ತಿದ್ದ. ಅಂಥ ಒಂದು ಶನಿವಾರ ಊಟಕ್ಕೆ ಕೂತಾಗ ಅವನು ರೊಟ್ಟಿ ಮುರಿಯುತ್ತಾ, ಹುಟ್ಟುವ ಮಗುವಿಗೆ ನಿಮ್ಮ ಅಡ್ಡಹೆಸರನ್ನೇ ಇಡುತ್ತೇವೆ ಎಂದು ಹೇಳಿದ. ಶಾಲೆಯ ಮೇಷ್ಟರಿಂದ ಹಿಡಿದು ಈ ದೇಶದ ಬ್ಯಾಂಕು, ಟೆಲಿಫೋನು, ಬಾಡಿಗೆ ಮನೆಯ ಕೌಂಟರುಗಳ ತನಕ ತನ್ನ ಹೆಸರನ್ನು ಒಂದೊಂದೇ ಅಕ್ಷರ ಬಿಡಿಸಿ ಹೇಳಿ ಅವನಿಗೆ ಸಾಕುಬೇಕಾಗಿತ್ತಂತೆ. ಮಗುವಿಗೆ ಆ ಶಿಕ್ಷೆ ಬೇಡ, ನಿಮ್ಮದು ಚಿಕ್ಕದು, ಚೊಕ್ಕದು ಎಂದ.

ನನ್ನ ಗಂಡ ಇನ್ನೊಂದು ರೊಟ್ಟಿ ಹಾಕಿಸಿಕೊಂಡರು. ನಮಗೆ ಒಬ್ಬಳೇ ಮಗಳು. ಓಣಿ ತುಂಬ ಆ ಹೆಸರಿನವರು ಇದ್ದರೂ ತಮ್ಮ ಕವಲು ತಮ್ಮೊಂದಿಗೆ ಮುಗಿಯಿತು ಎಂದು ಅವರು ಎಂದೋ ಒಪ್ಪಿಕೊಂಡಿದ್ದರು, ಬಾಯಿಬಿಟ್ಟು ಹೇಳಿರಲಿಲ್ಲ ಅಷ್ಟೆ. ಅವತ್ತು ಊಟವಾದ ಮೇಲೆ ಅವರು ಬಾಲ್ಕನಿಯಲ್ಲಿ ನಿಂತು ಹಾಡು ಗುನುಗಿದ್ದನ್ನು ನಾನು ಬಹಳ ವರ್ಷಗಳ ಮೇಲೆ ಕೇಳಿದೆ. ನಾನಂತೂ ತಂಗಿಗೆ ಫೋನ್ ಮಾಡಿ ಗೆದ್ದವಳ ಹಾಗೆ ಸುದ್ದಿ ಹೇಳಿದೆ.

ಹೆಣ್ಣುಮಗು ಹುಟ್ಟಿತು. ವಾರವಾದ ಮೇಲೆ ಬೀಗರು ಬಂದರು.

ಬೀಗರು ವಿಧುರರು. ಜರ್ಮನಿಯ ವಾಯವ್ಯಕ್ಕಿರುವ ಒಂದು ಸಣ್ಣ ಊರಿನಲ್ಲಿ ಬೇಕರಿ ನಡೆಸಿ ಈಗ ಬಿಟ್ಟವರು. ಬೇಕರಿ ಬಿಟ್ಟರೂ ಬೇಕರಿಯ ಎಚ್ಚರ ಅವರನ್ನು ಬಿಟ್ಟಿರಲಿಲ್ಲ. ಮಸೀದಿಯಲ್ಲಿ ಬೆಳಗಿನ ಬಾಂಗ್ ಆಗುವ ಮೊದಲೇ ಎದ್ದು ಅಡಿಗೆಮನೆಯ ಸ್ಟೂಲಿನ ಮೇಲೆ ಕೂತು ನಾನು ರೊಟ್ಟಿ ಬಡಿಯುವುದನ್ನು ನೋಡುತ್ತಿದ್ದರು. ಈಸ್ಟ್ ಇಲ್ಲ, ಓವನ್ ಇಲ್ಲ, ಬರೀ ಬಿಸಿನೀರು ಮತ್ತು ಪೆಟ್ಟು ಎಂದು ಅವರಿಗೆ ಆಶ್ಚರ್ಯ. ಒಂದು ದಿನ ತಾವೂ ಬಡಿದು ನೋಡಿದರು, ಅಂಚು ಹರಿದ ಆ ರೊಟ್ಟಿಯನ್ನು ಹಟದಿಂದ ತಾವೇ ತಿಂದರು. ಅವರ ಇಂಗ್ಲಿಷೂ ನನ್ನ ಇಂಗ್ಲಿಷೂ ಬೇರೆ ಬೇರೆ ಊರಿನವು, ಆದರೂ ನಡುದಾರಿಯಲ್ಲಿ ಹೇಗೋ ಭೇಟಿಯಾಗುತ್ತಿದ್ದವು.

ಬಂದ ಮರುದಿನವೇ ಅವರು ಅದೇ ಸ್ಟೂಲಿನ ಮೇಲೆ ಕೂತು, ಮನೆಯಲ್ಲಿ ಟೆಲಿಫೋನ್ ಡೈರೆಕ್ಟರಿ ಇದೆಯೇ ಎಂದು ಕೇಳಿದರು. ಈ ಕಾಲದಲ್ಲಿ ಅದು ಯಾರ ಮನೆಯಲ್ಲಿರುತ್ತದೆ? ಯಾಕೆ ಎಂದೆ. ಅವರಿಗೆ ನಾಚಿಕೆಯಾಯಿತು. ಹರೆಯದಿಂದಲೂ ಯಾವ ಊರಿಗೆ ಹೋದರೂ ಮೊದಲು ಅಲ್ಲಿಯ ಡೈರೆಕ್ಟರಿ ತೆಗೆದು ತಮ್ಮ ಹೆಸರಿನವರು ಇದ್ದಾರೋ ಎಂದು ನೋಡುವುದು ಅವರ ಚಾಳಿ. ಎಲ್ಲೂ ಒಬ್ಬರೂ ಸಿಕ್ಕಿರಲಿಲ್ಲ. ಡೈರೆಕ್ಟರಿಗಳೇ ಇಲ್ಲವಾದ ಮೇಲೂ ಕೇಳುವ ಅಭ್ಯಾಸ ಮಾತ್ರ ಹೋಗಿರಲಿಲ್ಲ.

ಆಗ ನಾನು ಆ ಹೆಸರು ಎಲ್ಲಿಂದ ಬಂತು ಎಂದು ಕೇಳಿದೆ. ಅವರು ಹೇಳಿದ್ದು ಇಷ್ಟು. ಅದು ಮೊದಲಿಗೆ ಮನುಷ್ಯರ ಹೆಸರೇ ಅಲ್ಲ, ಒಂದು ಹೊಲಮನೆಯ ಹೆಸರು. ಹಳ್ಳದ ಆಚೆ, ಯಾವಾಗಲೂ ತೇವ ಆರದ ನೆಲದಲ್ಲಿ ಆ ಮನೆ ಇತ್ತು. ಹೆಸರಿನ ಅರ್ಥವೂ ಅಷ್ಟೇ, ಹಳ್ಳದಾಚೆಯ ಹಸಿನೆಲ. ಅವರ ಕಡೆ ಹಿಂದೆ ಹೆಸರು ನೆಲದ್ದು, ರಕ್ತದ್ದಲ್ಲ. ಆ ನೆಲ ಉಳುವವರು ಯಾರೋ ಅವರೇ ಆ ಹೆಸರಿನವರು. ಒಂದು ತಲೆಮಾರಿನಲ್ಲಿ ಗಂಡುಮಕ್ಕಳು ಉಳಿಯದೆ ಒಬ್ಬಳೇ ಹುಡುಗಿ ಉಳಿದಳು. ಅವಳನ್ನು ಮದುವೆಯಾಗಿ ಬಂದ ಪರವೂರಿನ ಹುಡುಗ ತನ್ನ ಹೆಸರು ಬಿಟ್ಟು ಹೊಲಮನೆಯ ಹೆಸರು ಹಾಕಿಕೊಂಡ. ಬೀಗರು ಆ ದಂಪತಿಯ ವಂಶದವರು. ಆಮೇಲೆ ಕಾನೂನು ಬದಲಾಯಿತು, ಹೆಸರು ಅಪ್ಪನ ಬೆನ್ನು ಹಿಡಿಯಿತು. ಮದುವೆಯಾದ ಹುಡುಗಿಯರು ಗಂಡನ ಹೆಸರಿಗೆ ಹೋದರು, ಹುಡುಗರಲ್ಲಿ ಕೆಲವರು ಯುದ್ಧಕ್ಕೆ ಹೋದರು. ಬೇರೆ ಹೆಸರುಗಳು ಹತ್ತೂರಿನಲ್ಲಿ ಹುಟ್ಟಿದ್ದವು, ಒಂದೂರಲ್ಲಿ ಅಳಿದರೆ ಇನ್ನೊಂದೂರಲ್ಲಿ ಉಳಿದವು. ಇವರದು ಹುಟ್ಟಿದ್ದೇ ಒಂದು ಮನೆಯಲ್ಲಿ.

"ಮಗುವಿಗೆ ನಮ್ಮ ಹೆಸರಿಡುವುದು ನಿಮಗೆ ಗೊತ್ತಲ್ಲ," ಎಂದೆ.

"ಗೊತ್ತು. ಮಗ ಫೋನಿನಲ್ಲಿ ಹೇಳಿದ. ಸರಿ ಎಂದೆ."

"ಬೇಜಾರಾಗಲಿಲ್ಲವೇ?"

"ಆಯಿತು," ಎಂದರು ಅವರು, ಸುತ್ತಿಬಳಸದೆ. "ಆದರೆ ಆ ಹೊಲಮನೆಗೆ ಬಂದ ಹುಡುಗನೂ ತನ್ನ ಹೆಸರನ್ನು ಬಾಗಿಲಲ್ಲೇ ಬಿಟ್ಟು ಬಂದಿದ್ದ. ಅವನ ಅಪ್ಪನೂ ಎಲ್ಲೋ ಕೂತು ಸರಿ ಎಂದಿರಬೇಕು. ಈಗ ನನ್ನ ಮಗ ನಿಮ್ಮ ಮನೆಗೆ ಬಂದಿದ್ದಾನೆ. ನಾನು ಸರಿ ಎನ್ನುವ ಸರದಿ."

ತವೆಯ ಮೇಲಿನ ರೊಟ್ಟಿ ಸೀದುಹೋಯಿತು. ಅವರ ಲೆಕ್ಕ ನ್ಯಾಯವಾಗಿಯೇ ಇತ್ತು, ಅದಕ್ಕೇ ನನಗೆ ಸಿಟ್ಟು ಬಂತು. ಆ ಕಥೆಯಲ್ಲಿ ನನಗೆ ಕಂಡದ್ದು ಹುಡುಗ ಬಿಟ್ಟುಬಂದ ಹೆಸರಲ್ಲ, ಆ ಹುಡುಗಿ ಬಿಡದೆ ಹಿಡಿದುಕೊಂಡ ಹೆಸರು. ಒಬ್ಬ ಹೆಣ್ಣುಮಗಳಿಂದ ಉಳಿದ ಹೆಸರು ಇನ್ನೊಬ್ಬ ಹೆಣ್ಣುಮಗಳಿಂದ ಯಾಕೆ ಉಳಿಯಬಾರದು?

ಗಂಡನಿಗೆ ಹೇಳಿದೆ. ಮುಸಫ್ಫಾಕ್ಕೆ ಹೋಗುವ ಕಂಪನಿ ಬಸ್ಸಿಗಾಗಿ ಬೂಟು ಹಾಕಿಕೊಳ್ಳುತ್ತಿದ್ದರು. ಅಲ್ಲಿಯ ಒಂದು ಫ್ಯಾಬ್ರಿಕೇಶನ್ ವರ್ಕ್‌ಶಾಪಿನ ಉಸ್ತುವಾರಿ ಅವರದು.

"ನಾ ಕೇಳೀನೇನು? ಅಂವಾನ ಕೊಟ್ಟಾನ," ಎಂದರು.

"ಹೌದ್ರೀ. ಆದ್ರ ಅವರು ಮೂರ ಮಂದಿ. ನಿಮ್ಮ ಹೆಸರಿನವ್ರು ಓಣಿ ತುಂಬ ಅದಾರ."

"ಅದಾರ. ಮೊಮ್ಮಗಳು ಮಾತ್ರ ನನಗ ಒಬ್ಬಾಕಿನ."

ಅವರು ಲಿಫ್ಟಿಗೂ ಕಾಯದೆ ಮೆಟ್ಟಿಲಿಳಿದು ಹೋದರು. ನಾನು ಮಗಳ ಹತ್ತಿರ ಹೋದೆ. ಅವಳು ಮಗುವಿಗೆ ಹಾಲು ಕೊಡುತ್ತಾ ಎಲ್ಲವನ್ನೂ ಕೇಳಿದಳು.

"ಮಮ್ಮಿ, ಒಂದ್ಸಲ ಪಪ್ಪಾಗೆ ಪ್ರಾಮಿಸ್ ಮಾಡಿದೀವಿ. ಈಗ ನಾನ್ಹೆಂಗ ವಾಪಸ್ ತಗೊಳ್ಲಿ?" ಎಂದಳು. ಮಗುವನ್ನು ಹೆಗಲಿಗೆ ಹಾಕಿ ಬೆನ್ನು ತಟ್ಟುತ್ತಾ, "ನೇಮಿಂಗ್ ದಿನ ಕಿವ್ಯಾಗ ಹೆಸರು ಹೇಳೋದು ಯಾರು?" ಎಂದು ಕೇಳಿದಳು.

ನಮ್ಮ ಕಡೆ ತೊಟ್ಟಿಲಿಗೆ ಹಾಕುವ ದಿನ ಮಗುವಿನ ಸೋದರತ್ತೆ, ಅಂದರೆ ಅಪ್ಪನ ಅಕ್ಕ ಅಥವಾ ತಂಗಿ, ಬಗ್ಗಿ ಮಗುವಿನ ಕಿವಿಯಲ್ಲಿ ಕುರ್ರ್ ಎಂದು ಹೆಸರು ಹೇಳಬೇಕು. ಹೇಳುವಾಗ ಸುತ್ತ ನಿಂತ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಾರೆ. ಹೆಸರು ಆರಿಸುವ ಹಕ್ಕು ಆ ಅತ್ತೆಯದು, ಗುದ್ದು ತಿನ್ನುವ ಕರ್ಮವೂ ಅವಳದೇ. ಅಳಿಯನಿಗೆ ಅಕ್ಕತಂಗಿಯರಿಲ್ಲ. ಅತ್ತೆಯ ಜಾಗದಲ್ಲಿ ನಿಲ್ಲಲು ಅವನ ಕಡೆಯಿಂದ ಇದ್ದವರು ಅವನ ಅಪ್ಪ ಒಬ್ಬರೇ.

"ಹಂಗಾದ್ರ ಅವ್ರ ಡಿಸೈಡ್ ಮಾಡ್ಲಿ," ಎಂದಳು ಮಗಳು. "ಅವ್ರು ಕಿವ್ಯಾಗ ಏನ್ ಹೇಳ್ತಾರೋ ಅದೇ ಫೈನಲ್." ಮೊದಲ ಹೆಸರನ್ನು ಗಂಡಹೆಂಡತಿ ಆಗಲೇ ಆರಿಸಿದ್ದರು, ಅಡ್ಡಹೆಸರನ್ನು ಬೀಗರಿಗೆ ಬಿಟ್ಟರು. ಅಳಿಯ ಒಪ್ಪಿದ. ನನ್ನ ಗಂಡನೂ "ಆತು" ಎಂದರು. ಒಳಗೊಳಗೇ ನನಗೆ ನೆಮ್ಮದಿಯಾಯಿತು. ಹಕ್ಕು ಕೈಗೆ ಬಂದ ಮೇಲೆ ತಮ್ಮ ಹೆಸರು ಬಿಟ್ಟು ಬೇರೆಯದನ್ನು ಯಾರು ಹೇಳುತ್ತಾರೆ?

ಬರ್ ದುಬೈಗೆ ಹೋಗಿ ಮಗುವಿನ ತಲೆಗೆ ಕಟ್ಟುವ ಕುಲಾವಿಗೆ ಬಟ್ಟೆ ತಂದೆ. ಕಲಘಟಗಿಯ ಬಣ್ಣದ ತೊಟ್ಟಿಲನ್ನು ಇಲ್ಲಿಗೆ ತರುವುದು ಹೇಗೆ? ನನ್ನ ಗಂಡ ವರ್ಕ್‌ಶಾಪಿನಲ್ಲಿ ಕಬ್ಬಿಣದ ಪೈಪು ಬೆಸೆಸಿ ತೊಟ್ಟಿಲಿಗೆ ಒಂದು ಚೌಕಟ್ಟು ಮಾಡಿಸಿ ತಂದರು. ಅದಕ್ಕೆ ಕ್ರೇನಿಗೆ ಬಳಿಯುವ ಹಳದಿ ಬಣ್ಣ. ಮಗುವಲ್ಲ, ಆನೆಮರಿ ಮಲಗಿದರೂ ಅದು ಬಾಗುತ್ತಿರಲಿಲ್ಲ. ನಾನು ಅದಕ್ಕೆ ಹೂವಿನ ಸರ ಸುತ್ತಿ ಬಣ್ಣ ಮುಚ್ಚಿದೆ.

ಆ ಶುಕ್ರವಾರ ಸಂಜೆ ನಮ್ಮ ಕಡೆಯ ಹೆಂಗಸರೆಲ್ಲ ಬಂದರು. ಬೀಗರಿಗೆ ನನ್ನ ಗಂಡ ತಮ್ಮ ರುಮಾಲನ್ನೇ ಸುತ್ತಿದರು. ಆ ಕೆಂಪು ಮುಖಕ್ಕೆ ಅದು ಚೆನ್ನಾಗಿ ಒಪ್ಪಿತು. ಕುರ್ರ್ ಎನ್ನುವುದನ್ನು ಅವರು ಎರಡು ದಿನದಿಂದ ಅಭ್ಯಾಸ ಮಾಡಿದ್ದರು. ಬಗ್ಗಿದರು. ಗುದ್ದು ಶುರುವಾಯಿತು. ನಾನು ಅವರ ಹೆಗಲಿಗೆ ಅಂಟಿಕೊಂಡೇ ನಿಂತಿದ್ದೆ, ನನ್ನ ಗಂಡ ಗುಗ್ಗರಿಯ ತಟ್ಟೆ ಹಿಡಿದು ಎದುರಿಗೆ ನಿಂತಿದ್ದರು. ಬೀಗರು ಕುರ್ರ್ ಎಂದರು, ಮಗುವಿನ ಹೆಸರು ಹೇಳಿದರು, ಅದರ ಹಿಂದೆ ಬಿಡಿಸಿ ಬಿಡಿಸಿ ನಮ್ಮ ಅಡ್ಡಹೆಸರು ಹೇಳಿದರು.

ನನ್ನ ಗಂಡನ ಮುಖ ಅರಳಿದ್ದು ನನಗೆ ಕಂಡಿತು. ಕಂಡೂ ಸುಮ್ಮನಿರಲು ಆಗಲಿಲ್ಲ. ಬೀಗರ ಬೆನ್ನಿಗೆ ಒಂದು ಗುದ್ದು ಕೊಟ್ಟೆ, ಶಾಸ್ತ್ರದ ಗುದ್ದಲ್ಲ.

"ತಪ್ಪಾತು ಬೀಗರ. ಇನ್ನೊಮ್ಮೆ ಹೇಳ್ರಿ," ಎಂದೆ. ಸಿಟ್ಟಿನಲ್ಲಿ ಇಂಗ್ಲಿಷ್ ಮರೆತೇಹೋಗಿತ್ತು.

ಬೀಗರು ಬಗ್ಗಿದಲ್ಲೇ ತಲೆಯೆತ್ತಿದರು. ಭಾಷೆ ತಿಳಿಯದಿದ್ದರೂ ವಿಷಯ ತಿಳಿಯಿತು. ಅವರು ನನ್ನನ್ನು ನೋಡಲಿಲ್ಲ, ನನ್ನ ಗಂಡನನ್ನು ನೋಡಿದರು. ಹೆಂಗಸರ ಕೈಗಳೂ ನಿಂತವು. ನನಗೆ ಭಯವಾಯಿತು. ನಾನು ದಾನ ಮಾಡಲು ಹೊರಟದ್ದು ನನ್ನದಲ್ಲ, ನನ್ನ ಗಂಡನದು.

ನನ್ನ ಗಂಡ ತಟ್ಟೆಯನ್ನು ಪಕ್ಕದವರ ಕೈಗೆ ಕೊಟ್ಟರು. ತೊಟ್ಟಿಲನ್ನು ಬಳಸಿ ಬಂದು ಬೀಗರ ಬೆನ್ನ ಮೇಲೆ ಕೈಯಿಟ್ಟರು. ಮೆತ್ತಗೆ ಒಂದು ಗುದ್ದು ಹಾಕಿದರು.

"ಹೇಳ್ರಿ ಬೀಗರ, ನಿಮ್ದ ಹೇಳ್ರಿ," ಎಂದರು. "ನಾವು ಬಾಳ ಮಂದಿ ಅದೀವಿ."

ಮಗಳಿಂದ ಅಷ್ಟಿಷ್ಟು ಕನ್ನಡ ಕಲಿತಿದ್ದ ಅಳಿಯ ಅದನ್ನು ಜರ್ಮನ್ನಿನಲ್ಲಿ ಹೇಳಲು ಹೋದ, ಅರ್ಧಕ್ಕೇ ಬಿಟ್ಟು ಅಪ್ಪನ ತಲೆಯ ರುಮಾಲು ಸರಿಪಡಿಸಿದ. ಬೀಗರು ಹಳದಿ ಪೈಪನ್ನು ಹಿಡಿದುಕೊಂಡು ಮತ್ತೆ ಬಗ್ಗಿದರು. ಈ ಸಲ ಕುರ್ರ್ ಸರಿಯಾಗಿ ಬರಲಿಲ್ಲ. ಮಗುವಿನ ಹೆಸರು ಹೇಳಿದರು, ಆಮೇಲೆ ಹಳ್ಳದಾಚೆಯ ಹಸಿನೆಲದ ಹೆಸರು. ಮಗಳು ಅಳುತ್ತಿದ್ದಳು, ನಾನೂ ಅತ್ತುಬಿಟ್ಟೆ. ಎರಡೆರಡು ಸಲ ಯಾಕೆ ಹೇಳಿಸಿದಿರಿ ಎಂದು ಒಬ್ಬರು ಕೇಳಿದಾಗ, ಅದು ಜರ್ಮನಿಯ ಪದ್ಧತಿ ಎಂದು ಹೇಳಿ ಅವರ ಕೈಗೆ ಗುಗ್ಗರಿ ಹಾಕಿದೆ. ಅವತ್ತು ಎಲ್ಲರೂ ಹೋದ ಮೇಲೆ ನನ್ನ ಗಂಡ ತೊಟ್ಟಿಲ ಪಕ್ಕ ಕೂತು, ಒಂದು ಕೈಯಲ್ಲಿ ತೂಗುತ್ತಾ, ಬೀಗರಿಗೆ ರುಮಾಲು ಸುತ್ತುವುದನ್ನು ಕಲಿಸಿದರು.

ಬೀಗರು ಊರಿಗೆ ಮರಳುವ ಮೊದಲು ಮಗುವಿಗೆ ಲಸಿಕೆ ಹಾಕಿಸುವುದಿತ್ತು. ನಾನೂ ಮಗಳೂ ಅವರೂ ಕ್ಲಿನಿಕ್ಕಿಗೆ ಹೋದೆವು. ಮಗಳು ಕಾರು ನಿಲ್ಲಿಸಲು ಜಾಗ ಹುಡುಕುತ್ತಾ ಹಿಂದೆಯೇ ಉಳಿದಳು. ಕಾಯುವ ಹಾಲ್ ತುಂಬಿತ್ತು. ಸುಡಾನಿನ ತಾಯಂದಿರು, ಫಿಲಿಪ್ಪೀನ್ಸಿನವರು, ನಮ್ಮ ಮಂಗಳೂರು ಕಡೆಯ ತುಳು ಮಾತು. ಒಳಗಿನಿಂದ ಕೇರಳದ ಸಿಸ್ಟರ್ ಬಂದು, ಕೈಲಿದ್ದ ಚೀಟಿ ನೋಡಿ, ತಡವರಿಸುತ್ತಾ ಬೀಗರ ಅಡ್ಡಹೆಸರನ್ನು ಜೋರಾಗಿ ಕೂಗಿದರು.

ಬೀಗರು ತಟ್ಟನೆ ಎದ್ದು ನಿಂತು ಅರ್ಧ ಕೈಯೆತ್ತಿದರು. ಅವತ್ತಿನ ತನಕ ಶಾಲೆಯಲ್ಲಿ, ಆಸ್ಪತ್ರೆಯಲ್ಲಿ, ಎಲ್ಲಿಯಾದರೂ ಸರಿ, ಆ ಹೆಸರು ಕೂಗಿದರೆ ಏಳಬೇಕಾದವರು ಅವರೇ ಆಗಿದ್ದರು.

"ನೋ ಅಂಕಲ್, ಬೇಬಿ," ಎಂದರು ಸಿಸ್ಟರ್.

ಬೀಗರು ಎತ್ತಿದ ಕೈಯನ್ನು ಇಳಿಸುವುದನ್ನೂ ಮರೆತು ನಿಂತರು. ನನ್ನ ಮಡಿಲಲ್ಲಿ ಮಲಗಿದ್ದ ಮಗುವನ್ನು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ನಾನಲ್ಲ," ಎಂದರು. ಮಗುವನ್ನು ನನ್ನ ಕೈಯಿಂದ ಎತ್ತಿಕೊಂಡು ಸಿಸ್ಟರ್ ಹಿಂದೆ ಒಳಗೆ ಹೋದರು.